ಸೈಕಲ್ಲಿನ ಮೇಲೆ ಕ್ಯಾಮರಾ

ಪ್ರವಾಸ ಹೊರಡುವವರಲ್ಲಿ ಎರಡು ಪಂಗಡ. ಮನೆಯನ್ನೇ ಹೊತ್ತುಕೊಂಡು ಹೊರಡುವವರದು ಒಂದು; ಮನೆಯನ್ನು ಮರೆತು ಹೊರಡುವವರದು ಇನ್ನೊಂದು. ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಹೋಗುವವನು ಮೊದಲನೆಯ ಪಂಗಡಕ್ಕೆ ಸೇರಿದರೂ ನಡೆದೀತು. ಹೊರುವುದು ಅವನಲ್ಲ, ವಾಹನ. ಸೈಕಲ್ಲಿನವನ ಮಾತು ಬೇರೆ. ಅವನು ಹೊತ್ತ ಒಂದೊಂದು ಪಾವಿನ ಲೆಕ್ಕವನ್ನೂ ಏರುದಾರಿಯಲ್ಲಿ ಅವನ ತೊಡೆಗಳೇ ಒಪ್ಪಿಸಬೇಕು. ಆದ್ದರಿಂದ ಸೈಕಲ್ ತುಳಿದು ಪಳಗಿದವರು ಹೊಸಬನಿಗೆ ಹೇಳುವ ಮೊದಲ ಮಾತು, 'ಬಿಟ್ಟು ಹೋಗು' ಎಂಬುದು. ಎರಡನೆಯ ಅಂಗಿಯನ್ನು ಬಿಡು, ದಪ್ಪ ಪುಸ್ತಕವನ್ನು ಬಿಡು, ಹೊದಿಕೆಯನ್ನು ಬಿಡು. ಹಾಗಿರುವಾಗ, ಮುಕ್ಕಾಲು ಕಿಲೋ ತೂಗುವ, ತಿನ್ನಲು ಬಾರದ, ಹೊದೆಯಲು ಬಾರದ, ಬಿದ್ದರೆ ಒಡೆಯುವ, ನೆನೆದರೆ ಕೆಡುವ ಒಂದು ಕ್ಯಾಮರಾವನ್ನು ಕಟ್ಟಿಕೊಂಡು ಹೋಗುವುದು ಬುದ್ಧಿವಂತರು ಮಾಡುವ ಕೆಲಸವೆ? ಈ ಪ್ರಶ್ನೆಗೆ ನನಗೆ ದೊರೆತ ಉತ್ತರವನ್ನು ಸಹಪಾಠಿಗಳ ಮುಂದೆಯೂ ಅಧ್ಯಾಪಕರ ಮುಂದೆಯೂ ಇಡಬೇಕೆಂಬುದು ಈ ಪ್ರಬಂಧದ ಉದ್ದೇಶ.

ನಿಮ್ಮಲ್ಲಿ ಅನೇಕರು ಕೂಡಲೆ ಹೇಳುವ ಮಾತು ನನಗೆ ಗೊತ್ತು. 'ಜೇಬಿನಲ್ಲಿ ಫೋನಿಲ್ಲವೆ? ಅದರಲ್ಲಿ ಕ್ಯಾಮರಾ ಇಲ್ಲವೆ?' ಇದೆ. ಫೋನನ್ನು ಹಳಿಯುವವನು ನಾನಲ್ಲ. ಬಿಸಿಲಿನಲ್ಲಿ ನಿಂತ ಗೋಪುರವನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕತ್ತಲು ಕವಿದ ನವರಂಗದೊಳಗೂ ಕೆರೆಯ ಆಚೆ ದಡದಲ್ಲಿ ಕುಳಿತ ಕೊಕ್ಕರೆಯ ಎದುರಿಗೂ ಅದರ ಶಕ್ತಿ ಸಾಲದು. ದೊಡ್ಡ ಮಸೂರದ ದೊಡ್ಡ ಕಣ್ಣೇ ಬೇಕು. ಇನ್ನೊಂದು ಕಾರಣವೂ ಉಂಟು. ಫೋನು ಎತ್ತಿದರೆ ಇಂದು ಯಾರೂ ತಿರುಗಿ ನೋಡುವುದಿಲ್ಲ. ಕ್ಯಾಮರಾ ಎತ್ತಿದರೆ ಹಳ್ಳಿಯ ಜನ ಮಾತು ನಿಲ್ಲಿಸುತ್ತಾರೆ, ಸೆರಗು ಸರಿಪಡಿಸಿಕೊಳ್ಳುತ್ತಾರೆ, ತಲೆಗೆ ಸುತ್ತಿದ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ಈ ಎರಡನೆಯ ಕಾರಣದ ತೂಕ ನನಗೆ ಪ್ರವಾಸದಲ್ಲಿಯೇ ತಿಳಿದದ್ದು.

ನಾವು ಹೊರಟದ್ದು ಕಳೆದ ದಸರಾ ರಜೆಯಲ್ಲಿ. ನಾನು, ಮತ್ತು ಇತಿಹಾಸವನ್ನು ಐಚ್ಛಿಕವಾಗಿ ಓದುವ ಒಬ್ಬ ಗೆಳೆಯ. ಹಾಸನದಿಂದ ದೊಡ್ಡಗದ್ದವಳ್ಳಿಯ ಮೇಲೆ ಬೇಲೂರು, ಬೇಲೂರಿನಿಂದ ಹಳೇಬೀಡು, ಅಲ್ಲಿಂದ ಹಿಂದಕ್ಕೆ ಹಾಸನ. ಮೂರು ದಿನ, ನೂರು ಕಿಲೋಮೀಟರಿಗೆ ತುಸು ಕಡಮೆ. ಕಾರಿನವರು ಒಂದು ಬೆಳಗ್ಗೆ ಹೊರಟು ಊಟದ ಹೊತ್ತಿಗೆ ಮುಗಿಸುವ ದಾರಿ. ನಮಗೆ ಮೂರು ದಿನವೂ ಸಾಲಲಿಲ್ಲ ಎನ್ನಿಸಿತು.

ಕ್ಯಾಮರಾ ನನ್ನದಲ್ಲ. ಮದುವೆಯ ಕಾಲದಲ್ಲಿ ನಾನು ಪಟ್ಟಣದ ಒಂದು ಸ್ಟುಡಿಯೋದಲ್ಲಿ ದೀಪ ಹಿಡಿಯುವ ಕೆಲಸಕ್ಕೆ ಹೋಗುತ್ತೇನೆ. ಅದರಿಂದ ಬರುವ ಕೂಲಿಯಲ್ಲಿಯೇ ನನ್ನ ಪುಸ್ತಕ, ಪರೀಕ್ಷಾ ಶುಲ್ಕ ನಡೆಯುತ್ತವೆ. ಸ್ಟುಡಿಯೋದ ಯಜಮಾನರು ತಮ್ಮ ಹಳೆಯ ಡಿಜಿಟಲ್ ಕ್ಯಾಮರಾವನ್ನು ನನ್ನ ಕೈಯಲ್ಲಿಟ್ಟು, 'ಹೆಂಗೆ ಹೋಯ್ತೋ ಹಂಗೇ ವಾಪಸ್ ಬರ್ಬೇಕು ಕಣಪ್ಪ' ಎಂದಷ್ಟೇ ಹೇಳಿದರು. ಬೇರೆ ಕರಾರೇನೂ ಇಲ್ಲ. ಅದು ಹಳೆಯದೇ ಆದರೂ ನಮ್ಮ ಮನೆಗೆ ಬರುವ ಹಾಲಿನ ಒಂದು ತಿಂಗಳ ಬಟವಾಡೆಗಿಂತ ಅದರ ಬೆಲೆ ಹೆಚ್ಚು. ಸಾಲದ ವಸ್ತು ಸ್ವಂತದ ವಸ್ತುವಿಗಿಂತ ಎರಡು ಪಾಲು ಭಾರವಿರುತ್ತದೆ ಎಂಬುದನ್ನು ಯಾವ ತಕ್ಕಡಿಯೂ ತೋರಿಸುವುದಿಲ್ಲ. ಹೊತ್ತವನ ಬೆನ್ನು ಬಲ್ಲುದು.

ಅದನ್ನು ಸೈಕಲ್ಲಿನಲ್ಲಿ ಎಲ್ಲಿ ಇಡಬೇಕು? ಇದೇ ಮೊದಲ ತೊಡಕು. ನನ್ನ ಗೆಳೆಯನ ಮತ, ಹಿಂದಿನ ಕ್ಯಾರಿಯರಿಗೆ ಗಟ್ಟಿಯಾಗಿ ಕಟ್ಟಿಬಿಡುವುದು. ಈ ಸೈಕಲ್ಲು ನಮ್ಮ ಅಪ್ಪನದು. ನಮ್ಮ ಹಳ್ಳಿಯಲ್ಲಿ ಹಾಲಿನ ಸಂಘ ಆಗುವುದಕ್ಕೆ ಮುಂಚೆ ಅಪ್ಪ ಇದೇ ಕ್ಯಾರಿಯರಿಗೆ ಕ್ಯಾನು ಕಟ್ಟಿಕೊಂಡು ದಿನವೂ ಎರಡು ಹೊತ್ತು ಪಕ್ಕದೂರಿಗೆ ಹಾಲು ಸಾಗಿಸಿದವರು. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅವರನ್ನು ಈ ವಿಷಯದಲ್ಲಿ ಪ್ರೊಫೆಸರರೆಂದೇ ಹೇಳಬೇಕು. ನಮ್ಮ ಚರ್ಚೆಯನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಅವರು ಹೇಳಿದರು: 'ಹಾಲು ಕ್ಯಾರಿಯರ್ ಮೇಲೆ ಕೂರ್ಲಿ. ಕುಲುಕುದ್ರೆ ಬೆಣ್ಣೆ ಆಯ್ತದೆ, ನಷ್ಟವಿಲ್ಲ. ನಿನ್ ಪೆಟ್ಗೆ ಕುಲುಕುದ್ರೆ ಏನಾಯ್ತದೆ?'

ಪ್ರಶ್ನೆಗೆ ಉತ್ತರವನ್ನು ಪ್ರಯೋಗದಿಂದ ಪಡೆಯುವುದು ಒಳ್ಳೆಯದೆಂದು ನಾವು ಎರಡು ಹಣ್ಣು ಟೊಮೆಟೊಗಳನ್ನು ತೆಗೆದುಕೊಂಡೆವು. ಒಂದನ್ನು ಡಬ್ಬಿಯಲ್ಲಿಟ್ಟು ಕ್ಯಾರಿಯರಿಗೆ ಬಿಗಿದೆವು. ಇನ್ನೊಂದನ್ನು ಅಂಥದೇ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿ ನನ್ನ ಬೆನ್ನಿಗೆ ಕಟ್ಟಿಕೊಂಡೆ. ಹಳ್ಳಿಯಿಂದ ಟಾರು ರಸ್ತೆಯವರೆಗೆ ಹೋಗಿ ಬಂದು ಡಬ್ಬಿಗಳನ್ನು ಬಿಚ್ಚಿದಾಗ, ಬೆನ್ನ ಮೇಲಿನದು ತೋಟದಿಂದ ಬಂದಂತೆಯೇ ಇತ್ತು, ಕ್ಯಾರಿಯರಿನದು ಗೊಜ್ಜಾಗಿತ್ತು. ಅವ್ವ ಅದನ್ನು ಹಾಗೆಯೇ ಸಾರಿಗೆ ಸುರಿದಳು. ಹೀಗಾಗಿ ವಿಜ್ಞಾನಕ್ಕೆ ಲಾಭವಾಯಿತು, ಅಡಿಗೆಗೆ ನಷ್ಟವಾಗಲಿಲ್ಲ.

ಕಾರಣವೇನೂ ಗೂಢವಲ್ಲ. ಕ್ಯಾರಿಯರು ಹಿಂದಿನ ಚಕ್ರದ ಅಚ್ಚಿಗೆ ಕಬ್ಬಿಣದಿಂದ ಕಬ್ಬಿಣಕ್ಕೆ ಬಿಗಿದದ್ದು. ಕಲ್ಲು ಚಕ್ರವನ್ನು ಎತ್ತಿದಷ್ಟೂ ಅದು ಏಳುತ್ತದೆ; ನಡುವೆ ಟೈರಿನೊಳಗಿನ ಗಾಳಿ ಬಿಟ್ಟರೆ ಮತ್ತೊಂದು ಮೆತ್ತೆಯಿಲ್ಲ. ಸವಾರನ ಮೈ ಹಾಗಲ್ಲ. ಮಂಡಿ, ಮೊಣಕೈ, ಬೆನ್ನುಮೂಳೆ ಇವೆಲ್ಲ ದೇವರು ಕೊಟ್ಟ ಸ್ಪ್ರಿಂಗುಗಳು. ಗುಂಡಿ ಕಂಡ ಕೂಡಲೆ ನಾವು ಅರಿಯದೆಯೇ ಪೆಡಲಿನ ಮೇಲೆ ಎದ್ದು ನಿಲ್ಲುತ್ತೇವೆ. ಪೆಟ್ಟು ಕಾಲಿನಲ್ಲಿಯೇ ಕರಗಿಹೋಗುತ್ತದೆ. ಕ್ಯಾಮರಾಕ್ಕೆ ಒಂದು ದೊಡ್ಡ ಕುಕ್ಕಿಗಿಂತ ಹೆಚ್ಚು ಹಾನಿ ಮಾಡುವುದು ಬಿಡುವಿಲ್ಲದ ಸಣ್ಣ ನಡುಕ. ಮಸೂರಗಳನ್ನು ಹಿಡಿದಿರುವ ಸಾಸಿವೆಯಂಥ ತಿರುಪುಗಳು ಆ ನಡುಕಕ್ಕೆ ಸಡಿಲವಾಗುತ್ತವೆ.

ಮುಂದಿನ ಹ್ಯಾಂಡಲಿಗೆ ಚೀಲ ಕಟ್ಟಿದರೆ ಕೈಗೆ ಹತ್ತಿರ, ನಿಜ. ಆದರೆ ಅಲ್ಲಿಯೂ ನಡುಕ ತಪ್ಪಿದ್ದಲ್ಲ. ಮೇಲಾಗಿ ತಿರುವಿನಲ್ಲಿ ಆ ಭಾರವೂ ಹ್ಯಾಂಡಲಿನೊಡನೆ ತಿರುಗಿ ಸವಾರನ ಕೈಯನ್ನು ಎಳೆಯುತ್ತದೆ. ಕೊರಳಿಗೆ ತೂಗುಹಾಕಿಕೊಂಡರೆ ಬಗ್ಗಿದಾಗಲೆಲ್ಲ ಉಯ್ಯಾಲೆಯಾಡಿ ಕಬ್ಬಿಣಕ್ಕೆ ಬಡಿಯುತ್ತದೆ. ಉಳಿದದ್ದು ಬೆನ್ನು. ಪಟ್ಟಿಯನ್ನು ಒಂದು ಹೆಗಲಿನಿಂದ ಇನ್ನೊಂದು ಕಂಕುಳಿಗೆ ಅಡ್ಡಲಾಗಿ ಹಾಕಿ, ಗಿಡ್ಡಮಾಡಿ, ಅದು ಪಕ್ಕಕ್ಕೆ ಜಾರದಂತೆ ಸೊಂಟಕ್ಕೆ ಒಂದು ಟವೆಲು ಬಿಗಿದರೆ ಕ್ಯಾಮರಾ ಮೈಗೆ ಅಂಟಿಕೊಂಡ ಕೂಸಿನಂತೆ ಕುಳಿತುಕೊಳ್ಳುತ್ತದೆ. ಬೆವರು ತಾಗದಿರಲು ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಮಳೆಗೆ ಮತ್ತೊಂದು. ತೇವ ಹೀರಲು, ಹೊಸ ಚಪ್ಪಲಿಯ ಡಬ್ಬಿಯಲ್ಲಿ ಬರುವ ಸಣ್ಣ ಹರಳಿನ ಪೊಟ್ಟಣಗಳು ನಾಲ್ಕು. ನಮ್ಮ ಮಲೆನಾಡಿನ ಸೆರಗಿನಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ಬ್ರೆಡ್ಡಿಗೆ ಹಿಡಿಯುವಷ್ಟೇ ಸುಲಭ. ಇಷ್ಟೇ ನಮ್ಮ ಸಿದ್ಧತೆ. ಒಂದು ಕಾಲನ್ನು ನೆಲಕ್ಕೆ ಊರಿ, ಟವೆಲು ಸಡಿಲಿಸಿ, ಚೀಲವನ್ನು ಮುಂದಕ್ಕೆ ಎಳೆದು, ಕ್ಯಾಮರಾವನ್ನು ಕಣ್ಣಿಗೆ ಹಿಡಿಯಲು ಹತ್ತು ಎಣಿಸುವಷ್ಟು ಹೊತ್ತು ಸಾಕು.

ಈ ಹತ್ತು ಎಣಿಕೆಯ ಮಹತ್ವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಡೆಯುವವನಿಗಿಂತ ಸೈಕಲ್ಲಿನವನು ಹೆಚ್ಚು ದೂರ ಹೋಗುತ್ತಾನೆ. ಮೋಟಾರಿನವನಿಗಿಂತ ಹೆಚ್ಚು ಸಲ ನಿಲ್ಲಬಲ್ಲ. ಎಲ್ಲಿ ಬೇಕೆಂದರೆ ಅಲ್ಲಿ, ಯಾರನ್ನೂ ಕೇಳದೆ, ಹಿಂದಿನವನ ಹಾರನ್ನಿಗೆ ಹೆದರದೆ ನಿಲ್ಲುವುದು ಸೈಕಲ್ಲಿನ ಐಶ್ವರ್ಯ. ಕ್ಯಾಮರಾವನ್ನು ಮೂರು ಬಟ್ಟೆ ಸುತ್ತಿ, ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು ಕಟ್ಟಿದವನು ಎರಡು ಸಲ ಬಿಚ್ಚುತ್ತಾನೆ, ಮೂರನೆಯ ಸಲ 'ಹೋಗಲಿ ಬಿಡು' ಎನ್ನುತ್ತಾನೆ. ಅವನ ಕ್ಯಾಮರಾ ಕ್ಷೇಮವಾಗಿ ಊರು ಸೇರುತ್ತದೆ. ಆದರೆ ಅದು ಊರಿಗೆ ಹೋಗಿ ಬಂದ ಮೂಟೆಯೇ ಹೊರತು ಊರು ನೋಡಿ ಬಂದ ಕಣ್ಣಲ್ಲ.

ಈ ತೊಡಕು ನಮಗೇ ಹೊಸದೇನೂ ಅಲ್ಲ. 1890ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಥಾಮಸ್ ಅಲೆನ್ ಮತ್ತು ವಿಲಿಯಂ ಸ್ಯಾಕ್ಟ್‌ಲೆಬೆನ್ ಎಂಬ ಇಬ್ಬರು ತರುಣರು ಪದವಿ ಪಡೆದ ಮರುದಿನವೇ ಊರು ಬಿಟ್ಟು, ಸೈಕಲ್ಲಿನ ಮೇಲೆ ಯೂರೋಪನ್ನು ಸುತ್ತಿ, 1891ರ ವಸಂತದಲ್ಲಿ ಕಾನ್‌ಸ್ಟಾಂಟಿನೋಪಲಿನಿಂದ ಏಷ್ಯಾಕ್ಕೆ ದಾಟಿ, ಮುಂದಿನ ವರ್ಷ ಪೀಕಿಂಗ್ ಮುಟ್ಟಿದರು. ಅಂತಿಮ ವರ್ಷದವರಾದ ನಾವು ಈ 'ಮರುದಿನವೇ' ಎಂಬ ಮಾತನ್ನು ಎರಡು ಸಲ ಓದಿಕೊಳ್ಳಬೇಕು! ಅವರ ಬಳಿ ಇದ್ದದ್ದು ಸುರುಳಿ ಫಿಲ್ಮಿನ ಪುಟ್ಟ ಕೊಡ್ಯಾಕ್ ಕ್ಯಾಮರಾ. ಗಾಜಿನ ಫಲಕಗಳನ್ನು ಹೊರುವ ಕಷ್ಟವನ್ನು ತಪ್ಪಿಸಿದ ಆ ಕ್ಯಾಮರಾ ಮಾರುಕಟ್ಟೆಗೆ ಬಂದು ಆಗ ಇನ್ನೂ ಎರಡು ಮೂರು ವರ್ಷವಾಗಿತ್ತಷ್ಟೆ. ಮೊದಲನೆಯದು ಬಂದದ್ದು 1888ರಲ್ಲಿ. ಅವರ ಹಿಂದೆಯೇ 1892ರಲ್ಲಿ ಪಿಟ್ಸ್‌ಬರ್ಗಿನಿಂದ ಒಬ್ಬನೇ ಹೊರಟ ಫ್ರಾಂಕ್ ಲೆನ್ಜ್ ಎಂಬಾತ ದೊಡ್ಡ ಕ್ಯಾಮರಾವನ್ನೇ ಬೆನ್ನಿಗೆ ಕಟ್ಟಿಕೊಂಡು ಜಪಾನ್, ಚೀನಾ, ಬರ್ಮಾ, ನಮ್ಮ ಭಾರತ, ಪರ್ಷಿಯಾಗಳನ್ನು ದಾಟಿದ. 1894ರಲ್ಲಿ ತುರ್ಕಿಯ ಪೂರ್ವಭಾಗದಲ್ಲಿ ಅವನ ಸುಳಿವು ತಪ್ಪಿತು. ಅವನನ್ನು ಹುಡುಕಿಕೊಂಡು ಮುಂದಿನ ವರ್ಷ ಅಲ್ಲಿಗೆ ಹೋದವನು ಅದೇ ಸ್ಯಾಕ್ಟ್‌ಲೆಬೆನ್. ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ಇವರ ಕಥೆಗಳನ್ನು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ, ಬೆನ್ನು ಎಂಬ ಉತ್ತರ ನಮ್ಮ ಕೊಟ್ಟಿಗೆಯ ಬಾಗಿಲಿಗೂ ಪಿಟ್ಸ್‌ಬರ್ಗಿಗೂ ಒಂದೇ ಆಗಿತ್ತು ಎಂಬುದು.

ಇನ್ನು ದಾರಿಗೆ ಬರೋಣ. ಮೊದಲ ದಿನ ಬೆಳಗ್ಗೆ ಮಂಜು ಇನ್ನೂ ಏಳದಿರುವಾಗಲೇ ಬೇಲೂರಿನ ಹೆದ್ದಾರಿ ಹಿಡಿದು, ಮುಂದೆ ಪಕ್ಕದ ದಾರಿಗೆ ತಿರುಗಿ ದೊಡ್ಡಗದ್ದವಳ್ಳಿ ಸೇರಿದೆವು. ಕೆರೆಯ ಪಕ್ಕದಲ್ಲಿ ಲಕ್ಷ್ಮೀದೇವಿಯ ಗುಡಿ. 1114ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ್ದು. ರಾಜನಲ್ಲ, ರಾಣಿಯಲ್ಲ, ವ್ಯಾಪಾರ ಮಾಡಿ ಬದುಕಿದ ಗಂಡಹೆಂಡಿರು. ನಾಲ್ಕು ಗರ್ಭಗುಡಿಗಳು ಒಂದು ಅಂಗಳಕ್ಕೆ ಮುಖಮಾಡಿದಂತೆ ಕೂಡಿರುವ ಈ ಕಟ್ಟಡದ ಒಳಗೆ ಹಗಲಿನಲ್ಲಿಯೂ ಮುಸ್ಸಂಜೆ. ಕ್ಯಾಮರಾವನ್ನು ಕಂಬದ ಪೀಠದ ಮೇಲಿರಿಸಿ, ಉಸಿರು ಹಿಡಿದು, ಒಂದೊಂದು ಚಿತ್ರಕ್ಕೆ ಒಂದೊಂದು ಸೆಕೆಂಡು ಬೆಳಕು ಕೊಟ್ಟೆ. ಫೋನಿನಲ್ಲಿ ಬರಿಯ ಕಪ್ಪಾಗಿ ಕಂಡ ಕಂಬಗಳು ಇಲ್ಲಿ ತಮ್ಮ ಕಡೆದ ಉಂಗುರಗಳನ್ನು ತೋರಿಸಿದವು.

ಸಂಜೆ ಬೇಲೂರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯನ್ನು ವರ್ಣಿಸಲು ನಾನು ಅರ್ಹನಲ್ಲ. ಅದನ್ನೂ ಹಳೇಬೀಡು, ಸೋಮನಾಥಪುರಗಳನ್ನೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ತಾವೆಲ್ಲ ಬಲ್ಲಿರಿ. ಗೆಳೆಯ ಮದನಿಕೆಯರ ಕೆಳಗೆ ಕೊರೆದಿರುವ ಶಿಲ್ಪಿಗಳ ಹೆಸರುಗಳನ್ನು ತೋರಿಸಿದ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ತಂದೆ ಮಗ ಇಬ್ಬರೂ ಉಳಿ ಹಿಡಿದು ದುಡಿದವರು. ಒಂಬೈನೂರು ವರ್ಷಗಳಾದ ಮೇಲೆ ಇಬ್ಬರ ಹೆಸರನ್ನೂ ಒಬ್ಬ ಬಿ.ಎ. ವಿದ್ಯಾರ್ಥಿ ಬೆರಳಿಟ್ಟು ಓದುತ್ತಾನೆ. ಆ ರಾತ್ರಿ ಮಲಗಿದಾಗ ನನಗೆ ನಮ್ಮ ಮನೆಯ ಗೋಡೆ ನೆನಪಾಯಿತು. ಅಲ್ಲಿ ನಮ್ಮ ತಾತನ ಚಿತ್ರ ಒಂದಿದೆ. ತಾತ ಬದುಕಿರುವಾಗ ಅವನ ಚಿತ್ರವನ್ನು ಯಾರೂ ತೆಗೆದಿರಲಿಲ್ಲ. ಸತ್ತ ಮೇಲೆ ಮತದಾರರ ಚೀಟಿಯ ಉಗುರಿನಷ್ಟು ಮುಖವನ್ನು ಹಿಗ್ಗಿಸಿ ಚೌಕಟ್ಟು ಹಾಕಿಸಿದ್ದು. ಕಣ್ಣಿರಬೇಕಾದ ಕಡೆ ಎರಡು ಮಸಿಯ ಮಚ್ಚೆಗಳಿವೆ. ನಾನು ಹುಟ್ಟುವ ಮೊದಲೇ ಹೋದ ತಾತನನ್ನು ನಾನು ಬಲ್ಲದ್ದು ಆ ಮಚ್ಚೆಗಳ ಮೂಲಕ ಮಾತ್ರ.

ಎರಡನೆಯ ದಿನ ಬೇಲೂರಿನಿಂದ ಹಳೇಬೀಡಿಗೆ ಹದಿನಾರು ಕಿಲೋಮೀಟರು. ಆ ಕಾಲದಲ್ಲಿ ಈ ದಾರಿಯಲ್ಲಿ ರಸ್ತೆಗಿಂತ ಕಣವೇ ಹೆಚ್ಚು. ಟಾರಿನ ಅರ್ಧಕ್ಕೆ ಮುಸುಕಿನ ಜೋಳ ಹರಡಿರುತ್ತಾರೆ; ಬಿಸಿಲು ಮೇಲಿನಿಂದಲೂ ಟಾರು ಕೆಳಗಿನಿಂದಲೂ ಕಾಯಿಸಿ ಎರಡು ದಿನದ ಕೆಲಸವನ್ನು ಒಂದು ದಿನಕ್ಕೆ ಮುಗಿಸುತ್ತವೆ. ಹಾಗೆ ಹರಡಿದ್ದ ಜೋಳವನ್ನು ಒಬ್ಬ ಅಜ್ಜಿ ಕಾಲಿನಿಂದ ಗೀರುಗೀರಾಗಿ ತಿರುವುತ್ತಿದ್ದಳು.

'ಏಯ್ ಮಗಾ, ಕಾಳಿನ್ ಮ್ಯಾಲೆ ಹತ್ತುಸ್ಬ್ಯಾಡ!'

'ಇಲ್ಲ ಅಜ್ಜಿ' ಎಂದು ಕಾಲೂರಿ ನಿಂತೆ.

'ಅದೇನದು ಬೆನ್ ಮ್ಯಾಲೆ? ಪೋಟ ತೆಗ್ಯೋದಾ?'

'ಹೌದು ಅಜ್ಜಿ.'

'ಹಂಗಾರೆ ನಂದೊಂದು ತೆಗಿ' ಎಂದವಳೇ ಸೆರಗನ್ನು ತಲೆಯ ಮೇಲೆಳೆದುಕೊಂಡು ಜೋಳದ ನಡುವೆ ನೆಟ್ಟಗೆ ನಿಂತಳು. ಹತ್ತು ಎಣಿಸುವಷ್ಟರಲ್ಲಿ ಚಿತ್ರ ಬಂತು. ಹಿಂಬದಿಯ ಪರದೆಯಲ್ಲಿ ಅದನ್ನು ತೋರಿಸಿದೆ. ಅವಳು ಕಣ್ಣು ಕಿರಿದುಮಾಡಿ ನೋಡಿ ತಲೆ ಅಲ್ಲಾಡಿಸಿದಳು. 'ನಂಗೆ ಇದ್ರಾಗೆ ಕಾಣಾಕಿಲ್ಲ. ಕಾಗ್ದದ್ದು ಕೊಡು.'

'ಕಾಗದದ್ದು ಈಗ ಇಲ್ಲ ಅಜ್ಜಿ, ಊರಿಗೆ ಹೋಗಿ ಮಾಡಿಸಬೇಕು.'

'ಗೊತ್ತು ಬುಡು. ಹಳೇಬೀಡ್ಗೆ ಹೋಗೋರು ಎಲ್ಲಾರೂ ತೆಗೀತಾರೆ. ಕೊಟ್ಟೋರು ಒಬ್ರೂ ಇಲ್ಲ.'

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಳೆ ಬಂದಿತು, ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿ ಮತ್ತೆ ಕಾಲಿನಿಂದ ಜೋಳವನ್ನು ತಿರುವತೊಡಗಿದಳು.

ಅಲ್ಲಿಂದ ಹಳೇಬೀಡಿನವರೆಗೆ ಆ ಮಾತು ನನ್ನ ಜೊತೆಯಲ್ಲಿಯೇ ಪೆಡಲು ತುಳಿಯಿತು. ನಮ್ಮ ಭಾಷೆಯಲ್ಲಿ ಚಿತ್ರವನ್ನು ಬರೆಯುತ್ತೇವೆ. ಆದರೆ ಫೋಟೋವನ್ನು 'ತೆಗೆಯುತ್ತೇವೆ'. ಸಾಲವನ್ನೂ ನಾವು ತೆಗೆಯುತ್ತೇವೆ. ಬ್ಯಾಂಕಿನಲ್ಲಿ ಸಾಲ ತೆಗೆದ ರೈತನ ಮನೆಯಲ್ಲಿ ಬೆಳೆದವನಿಗೆ ಈ ಕ್ರಿಯಾಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೆಗೆದದ್ದನ್ನು ತೀರಿಸಬೇಕು. ಕ್ಯಾಮರಾವನ್ನು ಯಜಮಾನರಿಂದ ಪಡೆದಾಗ ಅದನ್ನು ಹಿಂದಿರುಗಿಸಬೇಕೆಂಬ ಎಚ್ಚರದಿಂದ ಬೆನ್ನಿಗೆ ಕಟ್ಟಿಕೊಂಡೆನಲ್ಲ, ಅಜ್ಜಿಯಿಂದ ಪಡೆದ ಮುಖವನ್ನು ಹಿಂದಿರುಗಿಸಬೇಕಾದ್ದು ಅದಕ್ಕಿಂತ ಹೇಗೆ ಕಡಮೆ?

ಹಳೇಬೀಡಿನ ಹೊಯ್ಸಳೇಶ್ವರ ಪೂರ್ವಕ್ಕೆ ಮುಖಮಾಡಿದ ಗುಡಿ. ಗೋಡೆಯ ಮೇಲಿನ ಶಿಲ್ಪಸಂಪತ್ತನ್ನು ನೋಡಬೇಕಾದರೆ ಹಿಂದಕ್ಕೆ, ಪಡುವಣ ಕಡೆಗೆ ಹೋಗಬೇಕು. ಆ ಗೋಡೆಗೆ ಬಿಸಿಲು ಬೀಳುವುದು ಮಧ್ಯಾಹ್ನ ತಿರುಗಿದ ಮೇಲೆ. ಬಸ್ಸಿನ ಪ್ರವಾಸಿಗಳು ಬೆಳಗ್ಗೆ ಬಂದು ನೆರಳಿನಲ್ಲಿ ನೋಡಿ ಹೊರಟುಹೋದರು. ನಾವು ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿ ತಿಂದು, ಸೂರ್ಯನನ್ನು ಕಾದೆವು. ನಾಲ್ಕು ಗಂಟೆಯ ಓರೆ ಬಿಸಿಲಿನಲ್ಲಿ ಬಳಪದ ಕಲ್ಲಿನ ಆನೆಗಳ ಸಾಲಿನಲ್ಲಿ ಒಂದೊಂದರ ಕಾಲೂ ಬೇರೆಬೇರೆಯಾಗಿ ಎದ್ದು ನಿಂತಿತು. ಈ ಗುಡಿಯ ಮುಂದೆ ಕ್ಯಾಮರಾ ಹಿಡಿದವರಲ್ಲಿ ನಾವೇನೂ ಮೊದಲಿಗರಲ್ಲ. ಓಕ್ಲಿ ಎಂಬ ಆಂಗ್ಲ ಅಧಿಕಾರಿ ಈ ಒಂದೇ ದೇವಾಲಯದ 56 ಛಾಯಾಚಿತ್ರಗಳ ಗ್ರಂಥವನ್ನು 1859ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟಿಸಿದ್ದ. ಆಗ ಪೆಡಲಿನ ಸೈಕಲ್ಲು ಬಳಕೆಗೆ ಬಂದಿರಲಿಲ್ಲ. ಆ ದಿನಗಳ ಕ್ಯಾಮರಾದ ಸರಂಜಾಮನ್ನು ಸಾಗಿಸುವುದು ಒಬ್ಬ ಮನುಷ್ಯನ ಬೆನ್ನಿಗೆ ಆಗುವ ಕೆಲಸವೂ ಆಗಿರಲಿಲ್ಲ. ಅಷ್ಟು ಶ್ರಮಪಟ್ಟು ಹಿಡಿದ ಚಿತ್ರಗಳು ಕಡಲು ದಾಟಿದವು. ಅವನಿಗೂ ಅಲೆನ್‌ನಂಥವರಿಗೂ ಮರಳಿ ಬಂದು ಚಿತ್ರ ಕೊಡಿರೆಂದು ಯಾರು ಹೇಳಬಲ್ಲರು? ಸಾವಿರಾರು ಮೈಲಿ ಅವರಿಗೆ ಅಡ್ಡ. ನಮಗಾದರೋ ಅಜ್ಜಿಯ ಜೋಳದ ಕಣ ನಲವತ್ತು ಕಿಲೋಮೀಟರು.

ಆ ರಾತ್ರಿ ತಂಗಿದ್ದು ಹಳೇಬೀಡಿನ ಬಳಿಯ ಹಳ್ಳಿಯಲ್ಲಿರುವ ಗೆಳೆಯನ ಸೋದರಮಾವನ ಮನೆಯಲ್ಲಿ. ಕ್ಯಾಮರಾದ ಸುದ್ದಿ ನಮಗಿಂತ ಮೊದಲೇ ಬೀದಿಗೆಲ್ಲ ಹರಡಿತ್ತು. ಬೆಳಗ್ಗೆ ಎದ್ದಾಗ ಜಗಲಿಯ ಮೇಲೆ ಕ್ಷೌರ ಮಾಡಿಸಿಕೊಂಡು, ಮಡಿ ಪಂಚೆಯುಟ್ಟ ಒಬ್ಬ ಮುದುಕರು ಕುಳಿತಿದ್ದರು. 'ನಾನು ಹೋದ್ಮೇಲೆ ನನ್ ಮಕ್ಕಳು ಆಧಾರ್ ಕಾರ್ಡಿನ ಪೋಟನೇ ದೊಡ್ಡದು ಮಾಡ್ಸಿ ಹಾರ ಹಾಕ್ತಾರೆ. ಅದ್ರಲ್ಲಿ ನಾನು ಒಳ್ಳೆ ದನಗಳ್ಳನಂಗಿದೀನಿ ಕಣಪ್ಪ. ಒಂದು ಮರ್ಯಾದಸ್ತನ ಪೋಟ ಬೇಕು' ಎಂದರು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ನಮ್ಮ ಗೋಡೆಯ ಎರಡು ಮಸಿಮಚ್ಚೆಗಳು ನನ್ನನ್ನು ಹೆಚ್ಚು ನಗಗೊಡಲಿಲ್ಲ. ಅವರನ್ನು ಬೆಳಕಿಗೆ ಮುಖಮಾಡಿಸಿ, ಹಿಂದೆ ಬೇರೇನೂ ಕಾಣದಂತೆ ಮಣ್ಣಿನ ಗೋಡೆಯ ಮುಂದೆ ಕೂರಿಸಿ, ಕಣ್ಣಿನೊಳಗಿನ ಹೊಳಪು ಬರುವವರೆಗೆ ಆರು ಚಿತ್ರ ತೆಗೆದೆ. ಮದುವೆಮನೆಯಲ್ಲಿ ದೀಪ ಹಿಡಿದು ಕಲಿತದ್ದೆಲ್ಲ ಅಂದು ಕೆಲಸಕ್ಕೆ ಬಂತು.

ಹೀಗೆ ಮೂರು ದಿನದಲ್ಲಿ ಹದಿನೆಂಟು ಮಂದಿಯ ಚಿತ್ರಗಳಾದವು. ಗುಡಿಗಳ ಚಿತ್ರಗಳಿಗೆ ಲೆಕ್ಕವಿಡಲಿಲ್ಲ, ಜನರದಕ್ಕೆ ಇಟ್ಟೆ. ಹಾಲಿನ ಲೆಕ್ಕದ ಹಳೆಯ ಪುಸ್ತಕವೊಂದರಲ್ಲಿ ಹೆಸರು, ಊರು, ಮನೆಯ ಗುರುತು: 'ಅರಳಿಕಟ್ಟೆ ದಾಟಿ ಎಡಕ್ಕೆ, ನೀಲಿ ಬಾಗಿಲು', 'ಹೊಸ ಬೋರ್‌ವೆಲ್ಲಿನ ಎದುರು'. ಊರಿಗೆ ಬಂದು ಕ್ಯಾಮರಾವನ್ನು ಹೇಗೆ ಹೋಗಿತ್ತೋ ಹಾಗೆಯೇ ಒಪ್ಪಿಸಿದೆ. ಯಜಮಾನರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಯಾವ ತಿರುಪೂ ಸದ್ದು ಮಾಡದ್ದನ್ನು ಕೇಳಿ, 'ಸೈ' ಎಂದರು. ಚಿತ್ರಗಳನ್ನು ಅಚ್ಚು ಹಾಕಿಸುವ ಖರ್ಚನ್ನು ನನ್ನ ಮುಂದಿನ ಮದುವೆಯ ಕೂಲಿಯಲ್ಲಿ ಮುರಿದುಕೊಳ್ಳಿರೆಂದೆ. ಅವರು ಕಾಗದದ ಬೆಲೆಯನ್ನು ಮಾತ್ರ ಮುರಿದುಕೊಂಡರು.

ಮೂರು ವಾರ ಕಳೆದು ಒಂದು ಭಾನುವಾರ ಅದೇ ದಾರಿಯಲ್ಲಿ ಸೈಕಲ್ಲು ಹೊರಟಿತು. ಈ ಸಲ ಬೆನ್ನು ಖಾಲಿ. ಎರಡು ರಟ್ಟುಗಳ ನಡುವೆ ಬಿಗಿದ ಚಿತ್ರಗಳ ಕಟ್ಟು ಕ್ಯಾರಿಯರಿನ ಮೇಲೆ. ಅವು ಎಷ್ಟು ಕುಲುಕಿದರೂ ಗೊಜ್ಜಾಗುವ ಪದಾರ್ಥವಲ್ಲ. ಅಪ್ಪನ ಶಾಸ್ತ್ರಕ್ಕೆ ಭಂಗ ಬರಲಿಲ್ಲ.

ಮುದುಕರು ತಮ್ಮ ಚಿತ್ರವನ್ನು ತೋಳಳತೆಯ ದೂರದಲ್ಲಿ ಹಿಡಿದು ಬಹಳ ಹೊತ್ತು ನೋಡಿ, 'ಈಗ ಧೈರ್ಯವಾಗಿ ಹೋಗ್ಬಹುದು' ಎಂದರು. ಅವರ ಸೊಸೆ, 'ಬುಡ್ತು ಅನ್ನಿ ಮಾವ' ಎಂದು ಗದರಿದಳು. ಜೋಳದ ಅಜ್ಜಿ ರಸ್ತೆಯಲ್ಲಿರಲಿಲ್ಲ. ಜೋಳ ಒಣಗಿ ಚೀಲ ಸೇರಿಯಾಗಿತ್ತು. ಮನೆ ಹುಡುಕಿಕೊಂಡು ಹೋಗಿ ಚಿತ್ರ ಕೊಟ್ಟೆ. ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮುಖದ ಹತ್ತಿರಕ್ಕೆ ತಂದಳು. ಆಮೇಲೆ ಒಳಗಿದ್ದ ಮಗಳನ್ನು ಕೂಗಿ, 'ಬಾರೇ ಇಲ್ಲಿ, ನಮ್ಮವ್ವ ಬಂದವ್ಳೆ ನೋಡು' ಎಂದಳು. ಅವಳ ತಾಯಿಯ ಚಿತ್ರ ಯಾರ ಮನೆಯಲ್ಲಿಯೂ ಇರಲಿಲ್ಲವಂತೆ. ಐವತ್ತು ವರ್ಷಗಳ ಮೇಲೆ ಅವಳು ತಾಯಿಯನ್ನು ತನ್ನದೇ ಮುಖದಲ್ಲಿ ಕಂಡಳು. ನಾನು ಆಡಲು ಮಾತಿಲ್ಲದೆ ಅವರು ಕೊಟ್ಟ ಮಜ್ಜಿಗೆಯನ್ನು ಕುಡಿದೆ.

ಹದಿನೆಂಟು ಮಂದಿಯಲ್ಲಿ ಹದಿನಾಲ್ಕು ಮಂದಿಗೆ ಚಿತ್ರಗಳು ಮುಟ್ಟಿದವು. ಉಳಿದ ನಾಲ್ವರು ದೂರದ ಜಿಲ್ಲೆಯಿಂದ ಕೂಲಿಗೆ ಬಂದಿದ್ದ ಒಂದೇ ಸಂಸಾರದವರು: ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೆಲಸ ಮುಗಿಸಿ ಅವರು ಗುಡಾರ ಕಿತ್ತುಕೊಂಡು ಹೋಗಿದ್ದರು. ಎಲ್ಲಿಗೆಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಅವರ ಚಿತ್ರ ಈಗಲೂ ಹಾಲಿನ ಲೆಕ್ಕದ ಪುಸ್ತಕದೊಳಗಿದೆ. ಆ ಮಗುವಿನ ನಗು ಬಾಕಿಯ ಪುಟದಲ್ಲಿಯೇ ಉಳಿದಿದೆ. ಮುಂದಿನ ಸುಗ್ಗಿಗೆ ಅವರು ಮತ್ತೆ ಬಂದಾರೆಂದು ಆ ಹೊಲದ ಯಜಮಾನರಿಗೆ ಹೇಳಿಟ್ಟು ಬಂದಿದ್ದೇನೆ.

ಮೊದಲು ಎತ್ತಿದ ಪ್ರಶ್ನೆಗೆ ಇನ್ನು ಉತ್ತರ ಕೊಡಬಹುದು. ಸೈಕಲ್ಲಿನವನು ಕ್ಯಾಮರಾ ಹೊರುವುದು ತಕ್ಕ ಕೆಲಸವೆ? ಹೌದು, ಹೊರಲಿ. ಆದರೆ ಕೈಗೆ ಎಟುಕುವಂತೆ ಹೊರಲಿ. ನಿಲ್ಲುವ ಮನಸ್ಸಿನಿಂದ ಹೊರಲಿ. ನಿಂತ ಜಾಗದ ಗುರುತು ಬರೆದುಕೊಳ್ಳಲು ಒಂದು ಮೋಟು ಪೆನ್ಸಿಲನ್ನೂ ಹೊರಲಿ. ಕೊನೆಯದು ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಮುಖ್ಯ. ಗುಡಿಗಳು ಚಿತ್ರ ಕೇಳುವುದಿಲ್ಲ. ಅವುಗಳನ್ನು ಕಡೆದವರು ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ಬರೆದು ಹೋದರು. ಕೇಳುವವರು ಗುಡಿಯ ದಾರಿಯಲ್ಲಿ ಜೋಳ ತಿರುವುವವರು.

ಈ ಬೇಸಗೆಯಲ್ಲಿ ನಮ್ಮಲ್ಲಿ ಹಲವರು ತಮ್ಮ ಮನೆಯ ಮೊದಲ ಪದವೀಧರರಾಗುತ್ತೇವೆ. ನಾನೂ ಅವರಲ್ಲೊಬ್ಬ. ಪದವಿಯ ದಿನ ನಿಲುವಂಗಿ ತೊಟ್ಟು ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತೇವೆ, ತಪ್ಪಲ್ಲ. ನನ್ನದೊಂದು ಬಿನ್ನಹವಿಷ್ಟೆ: ಅದಕ್ಕೆ ಮುಂಚೆ ಒಂದು ಭಾನುವಾರ ಬೆಳಗ್ಗೆ, ಒಳ್ಳೆಯ ಬೆಳಕಿರುವಾಗ, ಮನೆಯಲ್ಲಿರುವ ಹಿರಿಯರನ್ನು ಗೋಡೆಯ ಮುಂದೆ ಕೂರಿಸಿ. ಕ್ಯಾಮರಾ ಇಲ್ಲದಿದ್ದರೆ ಫೋನೇ ಸಾಕು. ಆದರೆ ಕಾಗದದ ಮೇಲೆ ಅಚ್ಚು ಹಾಕಿಸಿ, ಅವರ ಕೈಯಲ್ಲಿಡಿ. ನಮ್ಮ ಅಪ್ಪ ಹಾಲಿನ ಕ್ಯಾನು ಕಟ್ಟುತ್ತಿದ್ದ ಸೈಕಲ್ಲಿನ ಪಕ್ಕದಲ್ಲಿ ನಿಂತ ಚಿತ್ರ ಈಗ ತಾತನ ಚಿತ್ರದ ಬದಿಯಲ್ಲಿದೆ. ಅದರಲ್ಲಿ ಅವರ ಕಣ್ಣುಗಳು ಚೆನ್ನಾಗಿ ಕಾಣುತ್ತವೆ.